ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಪ್ರೌಢಶಾಲಾ ಶಿಕ್ಷಣ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ಕರ್ನಾಟಕದ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದಲ್ಲಿರುವ ಮೂರು ತಾಲ್ಲೂಕುಗಳು. ಮೂರೂ ಶೃಂಗೇರಿ ವಿಧಾನಸಭಾ ಕ್ಷೇತ್ರಕ್ಕೆ ಸೇರಿವೆ. ಇಲ್ಲಿ ಎಂಟರಿಂದ ಹತ್ತನೆಯ ತರಗತಿಯವರೆಗಿನ ಪ್ರೌಢಶಾಲಾ ಶಿಕ್ಷಣವನ್ನು ಸರ್ಕಾರಿ, ಅನುದಾನಿತ ಮತ್ತು ಅನುದಾನರಹಿತ ಶಾಲೆಗಳು ನೀಡುತ್ತಿವೆ. ಪಠ್ಯಕ್ರಮ, ಪರೀಕ್ಷೆ, ಸಮವಸ್ತ್ರ, ಬಿಸಿಯೂಟ ಮುಂತಾದವು ರಾಜ್ಯದ ಉಳಿದೆಡೆ ಇರುವಂತೆಯೇ ಇವೆ. ಆದರೆ ಚದುರಿದ ಜನವಸತಿ, ಭಾರೀ ಮಳೆ, ವಿರಳವಾದ ಬಸ್ ಸೌಕರ್ಯ ಮತ್ತು ಇಳಿಮುಖವಾಗುತ್ತಿರುವ ಮಕ್ಕಳ ಸಂಖ್ಯೆ ಇಲ್ಲಿನ ವಿದ್ಯಾರ್ಥಿ ಜೀವನಕ್ಕೆ ಬೇರೆಯದೇ ಸ್ವರೂಪವನ್ನು ಕೊಟ್ಟಿವೆ. ತಾಲ್ಲೂಕು ಕೇಂದ್ರಗಳ ಅಂಚಿನಲ್ಲಿರುವ ದೊಡ್ಡ ಸರ್ಕಾರಿ ಪ್ರೌಢಶಾಲೆಗಳು ಸುತ್ತಲಿನ ಹಲವಾರು ಹಳ್ಳಿಗಳ ಮಕ್ಕಳನ್ನು ಸೆಳೆದುಕೊಳ್ಳುತ್ತವೆ. ಒಳನಾಡಿನ ಸಣ್ಣ ಶಾಲೆಗಳು ದಾಖಲಾತಿಯ ಕೊರತೆಯನ್ನು ಎದುರಿಸುತ್ತಿವೆ.

ಭೌಗೋಳಿಕ ಹಿನ್ನೆಲೆ

ಈ ಪ್ರದೇಶವು ಪಶ್ಚಿಮ ಘಟ್ಟಗಳಿಗೆ ಸೇರಿದೆ. ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟುವ ತುಂಗಾ ನದಿಯು ಶೃಂಗೇರಿ ಪಟ್ಟಣವನ್ನೂ ಕೊಪ್ಪ ತಾಲ್ಲೂಕಿನ ಹರಿಹರಪುರವನ್ನೂ ಹಾದು ತೀರ್ಥಹಳ್ಳಿಯ ಕಡೆಗೆ ಹರಿಯುತ್ತದೆ. ಅಲ್ಲಿಯೇ ಹುಟ್ಟುವ ಭದ್ರಾ ನದಿಯು ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರನ್ನು ಹಾದು ಲಕ್ಕವಳ್ಳಿಯ ಅಣೆಕಟ್ಟೆಯನ್ನು ಸೇರುತ್ತದೆ. ಆ ಜಲಾಶಯದ ಹಿನ್ನೀರು ನರಸಿಂಹರಾಜಪುರ ಪಟ್ಟಣದ ಸಮೀಪದವರೆಗೂ ಚಾಚಿಕೊಂಡಿದೆ. ಅಡಿಕೆ, ಕಾಫಿ, ಕಾಳುಮೆಣಸು ಮತ್ತು ಭತ್ತ ಮುಖ್ಯ ಬೆಳೆಗಳು. ನರಸಿಂಹರಾಜಪುರದ ಕಡೆ ರಬ್ಬರ್ ತೋಟಗಳೂ ಇವೆ.

ಬಯಲುಸೀಮೆಯ ಊರುಗಳಲ್ಲಿ ಮನೆಗಳು ಒತ್ತೊತ್ತಾಗಿದ್ದು ಶಾಲೆ ಊರ ನಡುವೆಯೋ ಅಂಚಿನಲ್ಲೋ ಇರುತ್ತದೆ. ಮಲೆನಾಡಿನಲ್ಲಿ ಹಾಗಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ತೋಟ, ಗದ್ದೆ, ಗುಡ್ಡ, ಹಳ್ಳಗಳನ್ನು ದಾಟಬೇಕು. ದಾಖಲೆಯಲ್ಲಿ ಒಂದೇ ಗ್ರಾಮವೆಂದಿರುವುದು ವಾಸ್ತವದಲ್ಲಿ ಹತ್ತಾರು ಒಂಟಿ ಮನೆಗಳ, ಎರಡು ಮೂರು ಮನೆಗಳ ಹಕ್ಕಲುಗಳ ಸಮೂಹವಾಗಿರುತ್ತದೆ. ಹೀಗಾಗಿ ಶಾಲೆಯನ್ನು ಎಲ್ಲಿ ಕಟ್ಟಿದರೂ ಅದು ಹೆಚ್ಚಿನ ಮಕ್ಕಳಿಗೆ ದೂರವೇ ಆಗುತ್ತದೆ. ನಕ್ಷೆಯ ಮೇಲೆ ಅಳೆದ ದೂರಕ್ಕೂ ಮಳೆಗಾಲದಲ್ಲಿ ಮಗು ನಡೆಯಬೇಕಾದ ದೂರಕ್ಕೂ ಸಂಬಂಧವಿರುವುದಿಲ್ಲ. ಸಂಕವಿಲ್ಲದ ಒಂದು ಹಳ್ಳವು ಒಂದು ಕಿಲೋಮೀಟರ್ ದಾರಿಯನ್ನು ನಾಲ್ಕೈದು ಕಿಲೋಮೀಟರ್‌ನ ಸುತ್ತುದಾರಿಯಾಗಿ ಮಾಡಬಲ್ಲದು.

ಜನರ ಭಾಷೆಗಳೂ ಒಂದೇ ಬಗೆಯವಲ್ಲ. ಕನ್ನಡದ ಜೊತೆಗೆ ತುಳು, ಕೊಂಕಣಿ, ಬ್ಯಾರಿ, ಉರ್ದು, ತಮಿಳು ಮನೆಮಾತುಗಳ ಕುಟುಂಬಗಳಿವೆ. ನರಸಿಂಹರಾಜಪುರದ ಸುತ್ತಮುತ್ತ ಕೇರಳದಿಂದ ಬಂದು ನೆಲೆಸಿದ ಮಲಯಾಳ ಮಾತೃಭಾಷೆಯವರೂ ಇದ್ದಾರೆ. ಕಾಡಂಚಿನಲ್ಲಿ ಗೌಡಲು, ಹಸಲರು, ಮಲೆಕುಡಿಯ ಮೊದಲಾದ ಸಮುದಾಯಗಳು ವಾಸಿಸುತ್ತವೆ. ಇವರೆಲ್ಲರ ಮಕ್ಕಳು ಒಂದೇ ತರಗತಿಯಲ್ಲಿ ಕುಳಿತುಕೊಳ್ಳುವ ಮೊದಲ ಸ್ಥಳ ಬಹುಮಟ್ಟಿಗೆ ಸರ್ಕಾರಿ ಪ್ರೌಢಶಾಲೆಯೇ ಆಗಿದೆ.

ಇತಿಹಾಸ

ಈ ಪ್ರದೇಶವು ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿತ್ತು. ಆ ಜಿಲ್ಲೆಯೇ ಮುಂದೆ ಚಿಕ್ಕಮಗಳೂರು ಜಿಲ್ಲೆ ಎಂಬ ಹೆಸರನ್ನು ಪಡೆಯಿತು. ಶೃಂಗೇರಿಯು ಶಾರದಾ ಪೀಠದ ಜಹಗೀರಾಗಿತ್ತು. ನರಸಿಂಹರಾಜಪುರಕ್ಕೆ ಮೊದಲು ಎಡೇಹಳ್ಳಿ ಎಂಬ ಹೆಸರಿತ್ತು. 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಭೇಟಿ ನೀಡಿದ ನೆನಪಿಗೆ ಈಗಿನ ಹೆಸರು ಬಂದಿತು.

ಆಧುನಿಕ ಶಾಲೆಗಳು ಬರುವ ಮೊದಲು ಇಲ್ಲಿ ವಿದ್ಯಾಭ್ಯಾಸವು ಮಠಗಳ ಪಾಠಶಾಲೆ ಹಾಗೂ ಊರಿನ ಐಗಳ ಮಠಗಳಲ್ಲಿ ನಡೆಯುತ್ತಿತ್ತು. ಶೃಂಗೇರಿಯ ಸದ್ವಿದ್ಯಾ ಸಂಜೀವಿನೀ ಪಾಠಶಾಲೆಯು ವೇದ, ಶಾಸ್ತ್ರಗಳ ಅಧ್ಯಯನಕ್ಕೆ ಹೆಸರಾಗಿದೆ. ಮಕ್ಕಳಿಗೆ ಶಾರದಾಂಬೆಯ ಸನ್ನಿಧಿಯಲ್ಲಿ ಅಕ್ಷರಾಭ್ಯಾಸ ಮಾಡಿಸುವ ಸಲುವಾಗಿ ನಾಡಿನ ಎಲ್ಲೆಡೆಯಿಂದ ಪೋಷಕರು ಶೃಂಗೇರಿಗೆ ಬರುವ ರೂಢಿ ಇಂದಿಗೂ ಇದೆ. ಅಕ್ಷರದ ದೇವತೆಯ ಊರಾದರೂ ಅದರ ಸುತ್ತಲಿನ ಹಳ್ಳಿಗಳ ಸಾಮಾನ್ಯ ಕುಟುಂಬಗಳಿಗೆ ಪ್ರೌಢಶಾಲೆ ಎಟುಕಿದ್ದು ತಡವಾಗಿಯೇ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಲೆನಾಡಿನ ಮಗು ಪ್ರೌಢಶಾಲೆಗೆ ಹೋಗುವುದೆಂದರೆ ಊರು ಬಿಡುವುದು ಎಂದೇ ಅರ್ಥವಾಗಿತ್ತು. ಕವಿ ಕುವೆಂಪು ಇದಕ್ಕೆ ಪ್ರಸಿದ್ಧ ಉದಾಹರಣೆ. ಅವರು 1904ರ ಡಿಸೆಂಬರ್ 29ರಂದು ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿದರು. ತಂದೆಯ ಊರಾದ ಕುಪ್ಪಳಿಯಲ್ಲಿ ಬೆಳೆದು, ತೀರ್ಥಹಳ್ಳಿಯಲ್ಲಿ ಮಾಧ್ಯಮಿಕ ಶಿಕ್ಷಣ ಪಡೆದ ಬಳಿಕ ಪ್ರೌಢಶಾಲೆಗಾಗಿ ದೂರದ ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲನ್ನು ಸೇರಬೇಕಾಯಿತು. ಅನುಕೂಲವಿದ್ದ ಮನೆತನದ ಹುಡುಗನ ಸ್ಥಿತಿಯೇ ಹೀಗಿದ್ದಾಗ ಗೇಣಿದಾರರ ಮತ್ತು ಆಳುಮಕ್ಕಳ ಮನೆಯ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಆ ಮಾರ್ಗವೇ ಇರಲಿಲ್ಲವೆನ್ನಬಹುದು.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ತಾಲ್ಲೂಕು ಕೇಂದ್ರಗಳಲ್ಲಿಯೂ ಅನಂತರ ಹೋಬಳಿ ಕೇಂದ್ರಗಳಲ್ಲಿಯೂ ಪ್ರೌಢಶಾಲೆಗಳು ನೆಲೆಗೊಂಡವು. 1970ರ ದಶಕದ ಆರಂಭದಲ್ಲಿ ರಾಜ್ಯದಲ್ಲಿ ಹತ್ತು ವರ್ಷಗಳ ಶಾಲಾ ಶಿಕ್ಷಣದ ಬಳಿಕ ಎರಡು ವರ್ಷಗಳ ಪದವಿಪೂರ್ವ ಶಿಕ್ಷಣ ಎಂಬ ವ್ಯವಸ್ಥೆ ಜಾರಿಗೆ ಬಂದಾಗ ಹಲವು ಪ್ರೌಢಶಾಲೆಗಳು ಪದವಿಪೂರ್ವ ಕಾಲೇಜುಗಳಾಗಿ ಬೆಳೆದವು. ಇಂದಿಗೂ ರಾಜ್ಯದ ಅನೇಕ ತಾಲ್ಲೂಕು ಕೇಂದ್ರಗಳಲ್ಲಿ ದೊಡ್ಡ ಪ್ರೌಢಶಾಲೆಯು 'ಸರ್ಕಾರಿ ಪದವಿಪೂರ್ವ ಕಾಲೇಜು, ಪ್ರೌಢಶಾಲಾ ವಿಭಾಗ' ಎಂಬ ನಾಮಫಲಕದಡಿ ನಡೆಯುತ್ತಿರುವುದಕ್ಕೆ ಇದೇ ಕಾರಣ.

ಶೃಂಗೇರಿ ಕ್ಷೇತ್ರವನ್ನು ವಿಧಾನಸಭೆಯಲ್ಲಿ ಪ್ರತಿನಿಧಿಸಿದ್ದ ಎಚ್. ಜಿ. ಗೋವಿಂದಗೌಡರು 1994ರಿಂದ 1999ರವರೆಗಿನ ಜನತಾದಳ ಸರ್ಕಾರದಲ್ಲಿ ಶಿಕ್ಷಣ ಸಚಿವರಾಗಿದ್ದರು. ಅವರ ಅವಧಿಯಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕಾತಿಯು ಬೃಹತ್ ಪ್ರಮಾಣದಲ್ಲಿ, ಅಂಕಗಳ ಅರ್ಹತೆಯ ಆಧಾರದ ಮೇಲೆ ನಡೆಯಿತು. ಶಿಫಾರಸು ಮತ್ತು ಲಂಚಕ್ಕೆ ಎಡೆಯಿಲ್ಲದ ನೇಮಕಾತಿ ಎಂದು ಅದು ರಾಜ್ಯದಾದ್ಯಂತ ಹೆಸರಾಯಿತು. ಹಳ್ಳಿಯ ಬಡ ಕುಟುಂಬಗಳಿಂದ ಬಂದ ಅನೇಕರು ಆ ಮೂಲಕ ಶಿಕ್ಷಕರಾದರು. ಗೋವಿಂದಗೌಡರು 2016ರಲ್ಲಿ ನಿಧನರಾದರು.

ಆಡಳಿತ ಮತ್ತು ಶಾಲೆಗಳ ಬಗೆ

ಮೂರು ತಾಲ್ಲೂಕುಗಳಿಗೂ ಪ್ರತ್ಯೇಕ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗಳಿವೆ. ಇವು ಚಿಕ್ಕಮಗಳೂರಿನಲ್ಲಿರುವ ಉಪನಿರ್ದೇಶಕರ ಅಧೀನದಲ್ಲಿ ಕೆಲಸ ಮಾಡುತ್ತವೆ. ಪ್ರತಿ ಸರ್ಕಾರಿ ಶಾಲೆಯಲ್ಲಿ ಪೋಷಕರನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇರುತ್ತದೆ. ಜನರ ಮಾತಿನಲ್ಲಿ ಇದು ಎಸ್‌ಡಿಎಂಸಿ. ಕಟ್ಟಡದ ಹೆಂಚು ಬದಲಿಸುವುದು, ಕುಡಿಯುವ ನೀರಿನ ವ್ಯವಸ್ಥೆ, ಅತಿಥಿ ಶಿಕ್ಷಕರ ಹುಡುಕಾಟ ಮುಂತಾದ ವಿಷಯಗಳಲ್ಲಿ ಈ ಸಮಿತಿ ಹಾಗೂ ಹಳೆ ವಿದ್ಯಾರ್ಥಿಗಳ ಸಂಘಗಳ ಪಾತ್ರ ಹಿರಿದು.

ಸಾಮಾನ್ಯ ಪ್ರೌಢಶಾಲೆಗಳಲ್ಲದೆ ವಸತಿ ಶಾಲೆಗಳೂ ಈ ಭಾಗದಲ್ಲಿವೆ. ಇಡೀ ಜಿಲ್ಲೆಗೆ ಸೇರಿದ ಜವಾಹರ ನವೋದಯ ವಿದ್ಯಾಲಯವು ಬಾಳೆಹೊನ್ನೂರು ಸಮೀಪದ ಸೀಗೋಡಿನಲ್ಲಿದೆ. ಇಲ್ಲಿಗೆ ಆರನೆಯ ತರಗತಿಗೆ ಪ್ರವೇಶ ಪರೀಕ್ಷೆಯ ಮೂಲಕ ಮಕ್ಕಳನ್ನು ಆಯ್ಕೆ ಮಾಡಲಾಗುತ್ತದೆ. ಧಾರ್ಮಿಕ ಸಂಸ್ಥೆಗಳು ಮತ್ತು ಖಾಸಗಿ ಟ್ರಸ್ಟುಗಳು ನಡೆಸುವ ಶಾಲೆಗಳು ಪಟ್ಟಣಗಳಲ್ಲಿ ಹೆಚ್ಚು.

ರಾಜ್ಯ ಸರ್ಕಾರವು ಪೂರ್ವ ಪ್ರಾಥಮಿಕದಿಂದ ಪದವಿಪೂರ್ವದವರೆಗೆ ಒಂದೇ ಆವರಣದಲ್ಲಿ ಶಿಕ್ಷಣ ನೀಡುವ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಆರಂಭಿಸಿದ ಮೇಲೆ ದೊಡ್ಡ ಶಾಲೆಗಳಿಗೆ ಇನ್ನಷ್ಟು ಪ್ರಾಮುಖ್ಯ ದೊರೆತಿದೆ. 2019ರಿಂದ ಆಯ್ದ ಸರ್ಕಾರಿ ಶಾಲೆಗಳಲ್ಲಿ ಕನ್ನಡದ ಜೊತೆಗೆ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನೂ ತೆರೆಯಲಾಗಿದೆ. ಮಾತೃಭಾಷಾ ಮಾಧ್ಯಮವನ್ನು ಪ್ರಾಥಮಿಕ ಹಂತದಲ್ಲಿ ಕಡ್ಡಾಯಗೊಳಿಸಿದ್ದ ರಾಜ್ಯದ ಆದೇಶವನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಅನೂರ್ಜಿತಗೊಳಿಸಿದ ಬಳಿಕ ಈ ಬದಲಾವಣೆ ವೇಗ ಪಡೆಯಿತು. ಖಾಸಗಿ ಶಾಲೆಯ ಹಳದಿ ವ್ಯಾನು ಮನೆಯ ಗೇಟಿನವರೆಗೆ ಬರುವ ಊರುಗಳಲ್ಲಿ, ಮಾಧ್ಯಮಕ್ಕಿಂತಲೂ ವ್ಯಾನೇ ಪೋಷಕರ ಆಯ್ಕೆಯನ್ನು ನಿರ್ಧರಿಸುವುದುಂಟು.

ಶಾಲೆಯ ದಾರಿ

ಮೂರು ತಾಲ್ಲೂಕುಗಳಲ್ಲಿ ಎಲ್ಲಿಯೂ ಈಗ ರೈಲು ಸಂಪರ್ಕವಿಲ್ಲ. ಒಂದು ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಇದ್ದ ಕಿರು ಅಳತೆಯ ರೈಲುಮಾರ್ಗ ಮುಚ್ಚಿಹೋಗಿ ದಶಕಗಳೇ ಕಳೆದಿವೆ. ಆದ್ದರಿಂದ ಕಿರಿಯ ಪ್ರಾಥಮಿಕ ಶಾಲೆಗೆ ನಡೆದೇ ಹೋಗುತ್ತಿದ್ದ ಮಗು ಎಂಟನೆಯ ತರಗತಿಗೆ ಬರುವ ಹೊತ್ತಿಗೆ ಬಸ್ಸನ್ನು ಅವಲಂಬಿಸಬೇಕಾಗುತ್ತದೆ. ಮನೆಯಿಂದ ಮುಖ್ಯರಸ್ತೆಯವರೆಗೆ ನಡಿಗೆ, ಅಲ್ಲಿಂದ ಬಸ್ಸು, ಮತ್ತೆ ಬಸ್ ನಿಲ್ದಾಣದಿಂದ ಶಾಲೆಗೆ ನಡಿಗೆ ಎಂಬ ಮೂರು ಹಂತಗಳ ಪಯಣ ಇಲ್ಲಿ ಸಾಮಾನ್ಯ. ಬೆಳಗಿನ ಒಂದು ಬಸ್ಸು ತಪ್ಪಿದರೆ ಆ ದಿನದ ಶಾಲೆಯೇ ತಪ್ಪಿದಂತೆ. ಸಂಜೆಯ ಕೊನೆಯ ಬಸ್ಸಿನ ವೇಳೆಯು ವಿಶೇಷ ತರಗತಿ, ಆಟದ ಅಭ್ಯಾಸ, ನಾಟಕದ ತಾಲೀಮು ಎಲ್ಲವನ್ನೂ ನಿಯಂತ್ರಿಸುತ್ತದೆ. ದೂರದ ಮಕ್ಕಳು ಆಟೋಟಗಳಲ್ಲಿ ಹಿಂದುಳಿಯುವುದಕ್ಕೆ ಆಸಕ್ತಿಯ ಕೊರತೆ ಕಾರಣವೆಂದು ಭಾವಿಸುವುದು ತಪ್ಪು. ಅವರು ನಾಲ್ಕೂವರೆಯ ಬಸ್ಸು ಹಿಡಿಯಬೇಕಾಗಿರುತ್ತದೆ, ಅಷ್ಟೆ.

ಈ ಪ್ರದೇಶದ ವಿದ್ಯಾರ್ಥಿಗಳ ಓಡಾಟದಲ್ಲಿ ಸಹಕಾರ ಸಾರಿಗೆಯು ಮೂರು ದಶಕಗಳ ಕಾಲ ದೊಡ್ಡ ಪಾತ್ರ ವಹಿಸಿತ್ತು. ಕೊಪ್ಪದಲ್ಲಿದ್ದ ಖಾಸಗಿ ಸಾರಿಗೆ ಕಂಪನಿಯೊಂದು ಮುಚ್ಚಿದಾಗ ಕೆಲಸ ಕಳೆದುಕೊಂಡ ಚಾಲಕರು, ನಿರ್ವಾಹಕರು ಮತ್ತು ಕಾರ್ಯಾಗಾರದ ನೌಕರರು ಒಟ್ಟಾಗಿ 1991ರಲ್ಲಿ ಈ ಸಹಕಾರ ಸಂಘವನ್ನು ಕಟ್ಟಿದರು. ಕೆಲವೇ ಬಸ್ಸುಗಳಿಂದ ಆರಂಭವಾದ ಸಂಸ್ಥೆ ಮುಂದೆ ಎಪ್ಪತ್ತರ ಆಸುಪಾಸಿನಷ್ಟು ಬಸ್ಸುಗಳನ್ನು ಓಡಿಸುವಷ್ಟು ಬೆಳೆಯಿತು. ಕಾರ್ಮಿಕರೇ ಮಾಲೀಕರಾಗಿದ್ದ ಈ ಸಂಸ್ಥೆಯು ಸಹಕಾರ ಕ್ಷೇತ್ರದ ಅಧ್ಯಯನಕಾರರ ಗಮನವನ್ನೂ ಸೆಳೆದಿತ್ತು. ಲಾಭವಿಲ್ಲದ ಒಳದಾರಿಗಳಲ್ಲಿಯೂ ಬಸ್ಸು ಓಡಿಸಿ, ವಿದ್ಯಾರ್ಥಿಗಳಿಗೆ ರಿಯಾಯಿತಿ ದರದ ಪಾಸುಗಳನ್ನು ನೀಡಿದ್ದರಿಂದ ಅದು ಜನರ ನೆನಪಿನಲ್ಲಿ ಉಳಿದಿದೆ. ಡೀಸೆಲ್ ಬೆಲೆ ಮತ್ತು ನಿರ್ವಹಣಾ ವೆಚ್ಚದ ಏರಿಕೆಯಿಂದ ನಷ್ಟಕ್ಕೆ ಸಿಲುಕಿದ ಸಂಸ್ಥೆಯು 2020ರ ಫೆಬ್ರವರಿಯಲ್ಲಿ ಸಂಚಾರ ನಿಲ್ಲಿಸಿತು. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ತಿಂಗಳಷ್ಟೇ ಬಾಕಿ ಇದ್ದ ಸಮಯವದು. ಸಹಕಾರ ಸಾರಿಗೆಯನ್ನೇ ನಂಬಿದ್ದ ಊರುಗಳಲ್ಲಿ ಮಕ್ಕಳು ಜೀಪು, ಆಟೋ, ಸರಕು ವಾಹನಗಳ ಮೊರೆ ಹೋಗಬೇಕಾಯಿತು. ಮರುತಿಂಗಳು ಕೋವಿಡ್ ಕಾರಣದಿಂದ ಶಾಲೆಗಳೇ ಮುಚ್ಚಿದವು.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಮತ್ತು ಬಾಲಕಿಯರು ಸರ್ಕಾರಿ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಖಾಸಗಿ ಬಸ್ಸುಗಳೇ ಹೆಚ್ಚಾಗಿರುವ ಮಲೆನಾಡಿನ ಒಳಮಾರ್ಗಗಳಲ್ಲಿ ಈ ಯೋಜನೆಯ ಪ್ರಯೋಜನ ಎಲ್ಲ ಬಾಲಕಿಯರಿಗೂ ಸಮಾನವಾಗಿ ದೊರೆತಿಲ್ಲ. ಸರ್ಕಾರಿ ಬಸ್ಸು ಓಡಾಡುವ ಹೆದ್ದಾರಿಯ ಪಕ್ಕದ ಬಾಲಕಿಗೆ ಪ್ರಯಾಣ ಉಚಿತ. ಒಳಗಿನ ಊರಿನವಳು ಟಿಕೆಟಿಗೆ ಹಣ ಕೊಡಬೇಕು.

ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ರಾಜ್ಯದ ಯೋಜನೆ 2006–07ರಲ್ಲಿ ಆರಂಭವಾಯಿತು. ಬಯಲುಸೀಮೆಯಲ್ಲಿ ಅದರಿಂದ, ಮುಖ್ಯವಾಗಿ ಹೆಣ್ಣುಮಕ್ಕಳ ಹಾಜರಾತಿಗೆ, ದೊಡ್ಡ ನೆರವಾಯಿತು. ಏರುಇಳಿವಿನ ಕಲ್ಲುದಾರಿ, ಕೆಸರು ಮತ್ತು ಕಾಲುಸಂಕಗಳ ಈ ಭಾಗದಲ್ಲಿ ಸೈಕಲ್ ಅಷ್ಟಾಗಿ ಕೈಹಿಡಿಯಲಿಲ್ಲ. ಕೋವಿಡ್ ಕಾಲದಿಂದ ಆ ಯೋಜನೆಯೇ ಸ್ಥಗಿತಗೊಂಡಿದೆ.

ನಡಿಗೆಯ ದಾರಿಯ ಅಪಾಯಗಳು ಹಲವು. ಮಳೆಗಾಲದಲ್ಲಿ ಹಳ್ಳಗಳು ಒಮ್ಮೆಲೇ ಉಕ್ಕುತ್ತವೆ. ಅಡಿಕೆ ಮರದ ದಬ್ಬೆ ಅಥವಾ ಕಾಡುಮರದ ದಿಮ್ಮಿ ಹಾಸಿದ ಸಂಕಗಳು ಪಾಚಿಗಟ್ಟಿ ಜಾರುತ್ತವೆ. ಮಲೆನಾಡಿನಲ್ಲಿ ಶಾಲೆಯಿಂದ ಮರಳುವ ಮಕ್ಕಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದ ದುರಂತಗಳು ನಡೆದಿವೆ. ಅಂತಹ ಪ್ರತಿ ಘಟನೆಯ ಬಳಿಕವೂ ಕಿರುಸೇತುವೆಗಳ ಬೇಡಿಕೆ ಮುನ್ನೆಲೆಗೆ ಬರುತ್ತದೆ. ಭದ್ರಾ ಅಭಯಾರಣ್ಯದ ಅಂಚಿನಲ್ಲಿರುವ ನರಸಿಂಹರಾಜಪುರ ತಾಲ್ಲೂಕಿನ ಊರುಗಳಲ್ಲಿ ಕಾಡಾನೆಗಳ ಸಂಚಾರವಿದ್ದು, ಆನೆ ಬಂದಿದೆಯೆಂಬ ಸುದ್ದಿಯಿದ್ದ ದಿನ ಪೋಷಕರು ಮಕ್ಕಳನ್ನು ಕಳುಹಿಸಲು ಹಿಂಜರಿಯುತ್ತಾರೆ. ಇಂಬಳಗಳ ಕಾಟವನ್ನು ಮಕ್ಕಳಾಗಲೀ ಪೋಷಕರಾಗಲೀ ಅಪಾಯವೆಂದು ಪರಿಗಣಿಸುವುದಿಲ್ಲ. ತರಗತಿಯಲ್ಲಿ ಕಾಲ್ಚೀಲ ತೆಗೆದು ಅವನ್ನು ಕಿತ್ತೆಸೆಯುವುದು ಜೂನ್, ಜುಲೈ ತಿಂಗಳ ದಿನಚರಿಯ ಭಾಗವೇ ಆಗಿದೆ.

ಮಳೆ ರಜೆ

ನೈಋತ್ಯ ಮುಂಗಾರು ಈ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಶೃಂಗೇರಿಗೆ ಹತ್ತಿರದ, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯು ದೇಶದ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲಿ ಒಂದು. ಶೈಕ್ಷಣಿಕ ವರ್ಷ ಆರಂಭವಾಗುವುದೂ ಮುಂಗಾರು ಕಾಲಿಡುವುದೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ. ಹೊಸ ಪುಸ್ತಕಗಳು ಮಗುವಿನ ಕೈಸೇರಿದ ಮೊದಲ ತಿಂಗಳಲ್ಲೇ ತೇವಗೊಂಡಿರುತ್ತವೆ.

ಮಳೆ ತೀವ್ರವಾದಾಗ ಜಿಲ್ಲಾಡಳಿತವು ಇಡೀ ಜಿಲ್ಲೆಗಾಗಲೀ ಆಯ್ದ ತಾಲ್ಲೂಕುಗಳಿಗಾಗಲೀ ರಜೆ ಘೋಷಿಸುತ್ತದೆ. ಒಂದೇ ಜಿಲ್ಲೆಯ ಕಡೂರಿನಲ್ಲಿ ಬಿಸಿಲಿದ್ದು ಶೃಂಗೇರಿಯಲ್ಲಿ ನೆರೆ ಬಂದಿರುವುದು ಅಪರೂಪವಲ್ಲವಾದ್ದರಿಂದ ರಜೆಯು ಬಹಳ ಸಲ ಮಲೆನಾಡು ತಾಲ್ಲೂಕುಗಳಿಗಷ್ಟೇ ಸೀಮಿತವಾಗಿರುತ್ತದೆ. ತುಂಗೆ ಉಕ್ಕಿದಾಗ ಶೃಂಗೇರಿಯ ಗಾಂಧಿ ಮೈದಾನ ಮುಳುಗುವುದು, ದರೆ ಕುಸಿದು ರಸ್ತೆ ಮುಚ್ಚುವುದು, ಮರ ಬಿದ್ದು ವಿದ್ಯುತ್ ಕಡಿತಗೊಳ್ಳುವುದು ರಜೆಗೆ ಸಾಮಾನ್ಯ ಕಾರಣಗಳು. ರಾಜ್ಯದಲ್ಲಿ ಬರ ಬಂದಾಗ ಮಳೆಗಾಗಿ ವಿಶೇಷ ಪೂಜೆ ನಡೆಯುವ ಋಷ್ಯಶೃಂಗ ದೇವಾಲಯವಿರುವ ಕಿಗ್ಗಾ ಗ್ರಾಮವು ಶೃಂಗೇರಿ ತಾಲ್ಲೂಕಿನಲ್ಲಿಯೇ ಇದೆ. ಮಳೆಯಿಂದ ಅತಿ ಹೆಚ್ಚು ಶಾಲಾ ದಿನಗಳನ್ನು ಕಳೆದುಕೊಳ್ಳುವ ಮಕ್ಕಳೂ ಇದೇ ಸೀಮೆಯವರು.

ರಜೆಯಿಂದ ನಷ್ಟವಾದ ಪಾಠಗಳನ್ನು ಶನಿವಾರ ಮಧ್ಯಾಹ್ನ, ಕೆಲವೊಮ್ಮೆ ಭಾನುವಾರ ತರಗತಿ ನಡೆಸಿ ಸರಿದೂಗಿಸಬೇಕೆಂದು ಇಲಾಖೆ ಸೂಚಿಸುತ್ತದೆ. ವಾರದ ಕೊನೆಯಲ್ಲಿ ಬಸ್ಸುಗಳ ಸಂಖ್ಯೆ ಕಡಿಮೆಯಿರುವ ಮಾರ್ಗಗಳ ಮಕ್ಕಳಿಗೆ ಈ ತರಗತಿಗಳು ಪೂರ್ಣವಾಗಿ ದಕ್ಕುವುದಿಲ್ಲ.

ದಿನಚರಿ ಮತ್ತು ವಿದ್ಯಾರ್ಥಿ ಜೀವನ

ಶಾಲೆಯ ದಿನವು ಪ್ರಾರ್ಥನೆಯಿಂದ ಆರಂಭವಾಗುತ್ತದೆ. ಪ್ರಾರ್ಥನೆಯಲ್ಲಿ ಹಾಡುವ ನಾಡಗೀತೆಯು ಕುವೆಂಪು ಅವರ ರಚನೆ. ಸರ್ಕಾರವು ಅದನ್ನು 2004ರಲ್ಲಿ ಅಧಿಕೃತ ನಾಡಗೀತೆಯಾಗಿ ಅಂಗೀಕರಿಸಿತು. ಬಳಿಕ ದಿನಪತ್ರಿಕೆಯ ಮುಖ್ಯಾಂಶಗಳ ಓದು, ಸುಭಾಷಿತ, ಸಾಮಾನ್ಯ ಜ್ಞಾನದ ಪ್ರಶ್ನೆ ನಡೆಯುತ್ತವೆ. ಮಳೆಗಾಲದಲ್ಲಿ ಅಂಗಳಕ್ಕೆ ಇಳಿಯಲಾಗದೆ ಜಗುಲಿಯಲ್ಲಿಯೋ ತರಗತಿಯಲ್ಲಿಯೋ ಪ್ರಾರ್ಥನೆ ಮುಗಿಯುತ್ತದೆ. ಜಗುಲಿಯ ಉದ್ದಕ್ಕೂ ಬಿಚ್ಚಿಟ್ಟ ಕೊಡೆಗಳ ಸಾಲು ಮಲೆನಾಡಿನ ಶಾಲೆಗಳ ಗುರುತು. ಹಿಂದಿನ ತಲೆಮಾರಿನ ಮಕ್ಕಳು ಕಂಬಳಿಕೊಪ್ಪೆ ಹೊದ್ದು ಬರುತ್ತಿದ್ದರು.

ಮಧ್ಯಾಹ್ನದ ಬಿಸಿಯೂಟವನ್ನು ನೀಡುವ ಅಕ್ಷರ ದಾಸೋಹ ಯೋಜನೆ 2007–08ರಿಂದ ಪ್ರೌಢಶಾಲೆಗಳಿಗೂ ವಿಸ್ತರಣೆಯಾಯಿತು. 2013ರ ಆಗಸ್ಟ್‌ನಲ್ಲಿ ಹಾಲು ನೀಡುವ ಕ್ಷೀರಭಾಗ್ಯ ಯೋಜನೆ ಸೇರ್ಪಡೆಯಾಯಿತು. ಅನಂತರ ಮೊಟ್ಟೆ, ಅದನ್ನು ತಿನ್ನದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಕೊಡುವ ಕ್ರಮವೂ ಬಂದಿತು. ಬೆಳಗ್ಗೆ ಏಳು ಗಂಟೆಗೇ ಮನೆ ಬಿಟ್ಟು ಬರುವ ಮಗುವಿಗೆ ಈ ಊಟದ ಮಹತ್ವ ಅಧಿಕ. ಮಳೆಯಲ್ಲಿ ನೆನೆದು ಬಂದವರಿಗೆ ಬಿಸಿ ಹಾಲೇ ಮೊದಲ ಆಸರೆ. ಶಾಲೆಯ ಹಿತ್ತಲಿನ ತೋಟದಲ್ಲಿ ಬೆಳೆದ ಬಸಳೆ, ಸೌತೆ, ಪಪ್ಪಾಯಿಗಳು ಸಾಂಬಾರಿಗೆ ಸೇರುವುದೂ ಉಂಟು.

ಹಾಜರಾತಿಯು ತೋಟದ ಕೆಲಸದ ಏರಿಳಿತವನ್ನು ಅನುಸರಿಸುತ್ತದೆ. ದಸರೆಯ ಹೊತ್ತಿಗೆ ಶುರುವಾಗುವ ಅಡಿಕೆ ಕೊಯ್ಲು, ಅದರ ಬೆನ್ನಿಗೇ ಬರುವ ಕಾಫಿ ಹಣ್ಣಿನ ಕೊಯ್ಲು ಬೇಸಿಗೆಯ ಆರಂಭದವರೆಗೂ ನಡೆಯುತ್ತವೆ. ಈ ತಿಂಗಳುಗಳಲ್ಲಿ ಮನೆಯಲ್ಲಿ ಎಲ್ಲರ ಕೈಗೂ ಕೆಲಸವಿರುತ್ತದೆ. ಬೆಳಗಿನ ಜಾವದವರೆಗೆ ನಡೆಯುವ ಅಡಿಕೆ ಸುಲಿತದಲ್ಲಿ ತಾಯಿಗೆ ಜೊತೆಯಾದ ಹುಡುಗಿ ಮರುದಿನ ತರಗತಿಯಲ್ಲಿ ತೂಕಡಿಸುವುದು ಶಿಕ್ಷಕರಿಗೆ ಹೊಸದಲ್ಲ. ಕಾಫಿ ತೋಟಗಳ ಲೈನು ಮನೆಗಳಲ್ಲಿ ವಾಸಿಸುವ ಕಾರ್ಮಿಕ ಕುಟುಂಬಗಳು ಹಂಗಾಮಿಗೆ ತಕ್ಕಂತೆ ಬೇರೆ ತೋಟಕ್ಕೆ ಹೋದಾಗ ಅವರ ಮಕ್ಕಳ ಶಾಲೆಯೂ ಬದಲಾಗಬೇಕಾಗುತ್ತದೆ. ವರ್ಗಾವಣೆ ಪತ್ರ ತಾರದೆ ನಡುವೆ ಬಂದು ಸೇರುವ ಮತ್ತು ಹೇಳದೆ ಹೋಗುವ ಈ ಮಕ್ಕಳೇ ಶಾಲೆ ಬಿಡುವ ಅಪಾಯಕ್ಕೆ ಹೆಚ್ಚು ಒಳಗಾದವರು.

ಕಬಡ್ಡಿ, ಖೊಖೊ, ವಾಲಿಬಾಲ್ ಮತ್ತು ಬಾಲಕಿಯರ ಥ್ರೋಬಾಲ್ ಜನಪ್ರಿಯ ಆಟಗಳು. ಸಮತಟ್ಟಾದ ಜಾಗವೇ ದುರ್ಲಭವಾದ್ದರಿಂದ ಗುಡ್ಡ ಕಡಿದು ಮಾಡಿದ ಚಿಕ್ಕ ಅಂಗಳವೇ ಅನೇಕ ಶಾಲೆಗಳ ಆಟದ ಮೈದಾನ. ಚೆಂಡು ಗಡಿ ದಾಟಿದರೆ ಕೆಳಗಿನ ತೋಟದಿಂದ ಹುಡುಕಿ ತರಬೇಕು. ಹೋಬಳಿ ಮತ್ತು ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ಇನ್ನೂ ಮಳೆ ಬಿಡದಿರುವ ತಿಂಗಳುಗಳಲ್ಲಿಯೇ ಬರುವುದರಿಂದ ಅಭ್ಯಾಸಕ್ಕೆ ಸಿಗುವ ದಿನಗಳು ಕೆಲವೇ.

ಸಾಂಸ್ಕೃತಿಕ ಸ್ಪರ್ಧೆಗಳಲ್ಲಿ ಪ್ರತಿಭಾ ಕಾರಂಜಿಯೇ ಮುಖ್ಯವಾದುದು. ಯಕ್ಷಗಾನ ಮತ್ತು ತಾಳಮದ್ದಳೆಗಳು ಮನೆಮನೆಯ ಹವ್ಯಾಸವಾಗಿರುವ ಈ ಸೀಮೆಯಲ್ಲಿ ಶಾಲಾ ವಾರ್ಷಿಕೋತ್ಸವದ ರಾತ್ರಿ ಮಕ್ಕಳ ಯಕ್ಷಗಾನ ಪ್ರಸಂಗಕ್ಕೆ ಊರಿನವರೆಲ್ಲ ಸೇರುತ್ತಾರೆ. ಭಾಗವತರೂ ಮದ್ದಳೆಯವರೂ ಸಾಮಾನ್ಯವಾಗಿ ಊರಿನವರೇ. ವೇಷ ಕಟ್ಟಲು ಬಂದ ಹಿರಿಯ ಕಲಾವಿದ ಅದೇ ಶಾಲೆಯಲ್ಲಿ ಓದಿದವನಾಗಿರುವುದೂ ಇದೆ.

ಶಾಲಾ ಸಂಸತ್ತಿನ ಚುನಾವಣೆಯು ವರ್ಷಾರಂಭದಲ್ಲಿ ನಡೆಯುತ್ತದೆ. ಇದಕ್ಕಿಂತ ಹೆಚ್ಚು ಪರಿಣಾಮಕಾರಿಯಾದುದು ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸಬೇಕಾದ ಮಕ್ಕಳ ಹಕ್ಕುಗಳ ಗ್ರಾಮಸಭೆ. ಪಂಚಾಯಿತಿ ಅಧ್ಯಕ್ಷರು, ಅಭಿವೃದ್ಧಿ ಅಧಿಕಾರಿ ಮತ್ತು ವಿವಿಧ ಇಲಾಖೆಗಳವರ ಎದುರು ಮಕ್ಕಳು ನೇರವಾಗಿ ಪ್ರಶ್ನೆ ಕೇಳುತ್ತಾರೆ. ಸಂಕ, ಶೌಚಾಲಯ, ಬಸ್ಸಿನ ವೇಳೆ ಮತ್ತು ಮೊಬೈಲ್ ಸಂಪರ್ಕ ಈ ಭಾಗದ ಮಕ್ಕಳಿಗೆ ಅತಿ ಹತ್ತಿರದ ವಿಷಯಗಳು.

ಮನೆ ತೀ ದೂರವಿರುವವರಿಗೆ ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿನಿಲಯಗಳು ಆಸರೆಯಾಗಿವೆ. ಜನರು ಇವನ್ನು ಹಾಸ್ಟೆಲ್ ಎಂದೇ ಕರೆಯುತ್ತಾರೆ. ಕಾಡಂಚಿನ ಕುಟುಂಬಗಳಲ್ಲಿ ಹತ್ತನೆಯ ತರಗತಿ ಮುಟ್ಟಿದ ಮೊದಲ ತಲೆಮಾರಿನ ಮಕ್ಕಳಿಗೆ ಹಾಸ್ಟೆಲ್ಲಿನಲ್ಲಿ ಸಿಗುವ ಒಂದು ಸೀಟು ನಿರ್ಣಾಯಕವಾಗಿರುತ್ತದೆ.

ಪರೀಕ್ಷೆ

ಹತ್ತನೆಯ ತರಗತಿಯ ಕೊನೆಯಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಯುತ್ತದೆ. 1966ರಿಂದ ಇದನ್ನು ನಡೆಸುತ್ತಿದ್ದ ಕರ್ನಾಟಕ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯು ಈಗ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಭಾಗವಾಗಿದೆ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100ರಂತೆ ಒಟ್ಟು 625 ಅಂಕಗಳಿವೆ. 2023–24ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳನ್ನು ಬರೆಯುವ ಅವಕಾಶ ಜಾರಿಗೆ ಬಂದಿತು. ಪ್ರಥಮ ಭಾಷೆಯಾಗಿ ಸಂಸ್ಕೃತವನ್ನು ಆಯ್ದುಕೊಳ್ಳುವ ಅವಕಾಶವೂ ಇದೆ. ಪ್ರೌಢಶಾಲೆಯಲ್ಲಿ ಸಂಸ್ಕೃತಕ್ಕೂ ಕನ್ನಡಕ್ಕೂ ಯಾವ ಸ್ಥಾನವೆಂಬ ಪ್ರಶ್ನೆಯೇ 1980ರ ದಶಕದ ಆರಂಭದಲ್ಲಿ ಗೋಕಾಕ್ ಚಳವಳಿಗೆ ಹಿನ್ನೆಲೆಯಾಗಿತ್ತು.

ಪರೀಕ್ಷಾ ಕೇಂದ್ರಗಳು ತಾಲ್ಲೂಕು ಮತ್ತು ಹೋಬಳಿ ಕೇಂದ್ರಗಳ ದೊಡ್ಡ ಶಾಲೆಗಳಲ್ಲಿರುತ್ತವೆ. ದೂರದ ಮಕ್ಕಳು ಪರೀಕ್ಷೆಯ ದಿನಗಳಲ್ಲಿ ಪೇಟೆಯ ನೆಂಟರ ಮನೆಯಲ್ಲಿ ಉಳಿಯುವುದು, ಶಿಕ್ಷಕರೇ ವಾಹನ ಗೊತ್ತುಮಾಡಿ ಕರೆತರುವುದು ರೂಢಿಯಲ್ಲಿದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ವಿಶೇಷ ತರಗತಿಗಳು, ಗುಂಪು ಅಧ್ಯಯನ ಹಾಗೂ ಶಿಕ್ಷಕರ ಮನೆಭೇಟಿಗಳು ನಡೆಯುತ್ತವೆ.

ಕೋವಿಡ್ ಅವಧಿ

2020ರಲ್ಲಿ ಮುಂದೂಡಲ್ಪಟ್ಟ ಎಸ್‌ಎಸ್‌ಎಲ್‌ಸಿ ಪರೀಕ್ಷೆಯು ಜೂನ್ 25ರಿಂದ, 2021ರ ಸರಳೀಕೃತ ಪರೀಕ್ಷೆಯು ಜುಲೈ 19 ಮತ್ತು 22ರಂದು ನಡೆಯಿತು. ಎರಡೂ ಮುಂಗಾರಿನ ನಡುವೆ ಬಂದುದರಿಂದ ಮಲೆನಾಡಿನ ಮಕ್ಕಳು ಸೋಂಕಿನ ಭಯದ ಜೊತೆಗೆ ಮಳೆಯನ್ನೂ ಎದುರಿಸಿ ಕೇಂದ್ರಗಳನ್ನು ತಲುಪಬೇಕಾಯಿತು.

ಶಾಲೆ ಮುಚ್ಚಿದ್ದ ತಿಂಗಳುಗಳಲ್ಲಿ ಆನ್‌ಲೈನ್ ತರಗತಿಗಳು ಇಲ್ಲಿ ಹೆಚ್ಚು ಫಲ ನೀಡಲಿಲ್ಲ. ಕಣಿವೆಯ ಮನೆಗಳಲ್ಲಿ ನೆಟ್‌ವರ್ಕ್ ಸಿಗದೆ ಮಕ್ಕಳು ಗುಡ್ಡದ ನೆತ್ತಿಯಲ್ಲಿ, ರಸ್ತೆಯ ತಿರುವಿನಲ್ಲಿ ಕೊಡೆ ಹಿಡಿದು ಕುಳಿತು ಪಾಠ ಕೇಳಿದ ದೃಶ್ಯಗಳು ಮಲೆನಾಡಿನಾದ್ಯಂತ ಕಂಡುಬಂದವು. ದೂರದರ್ಶನದ ಚಂದನ ವಾಹಿನಿಯ ಪಾಠಗಳೂ ವಿದ್ಯುತ್ ಇದ್ದಾಗ ಮಾತ್ರ. ಶಿಕ್ಷಕರು ಮಕ್ಕಳಿರುವಲ್ಲಿಗೇ ಹೋಗಿ ದೇವಸ್ಥಾನದ ಜಗುಲಿ, ಸಮುದಾಯ ಭವನ, ಮನೆಯಂಗಳಗಳಲ್ಲಿ ಕಲಿಸಿದ 'ವಿದ್ಯಾಗಮ' ಕಾರ್ಯಕ್ರಮವು ಚದುರಿದ ಜನವಸತಿಗೆ ಹೆಚ್ಚು ಹೊಂದುವಂತಿತ್ತು. 2021ರ ಡಿಸೆಂಬರ್‌ನಲ್ಲಿ ಸೀಗೋಡಿನ ನವೋದಯ ವಿದ್ಯಾಲಯದಲ್ಲಿ ಸೋಂಕು ಹರಡಿ ಶಾಲೆಯನ್ನು ಸೀಲ್‌ಡೌನ್ ಮಾಡಲಾಗಿತ್ತು.

ದಾಖಲಾತಿಯ ಇಳಿಕೆ

ಮಲೆನಾಡಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಾಗುತ್ತಿರುವುದಕ್ಕೆ ಖಾಸಗಿ ಶಾಲೆಗಳನ್ನಷ್ಟೇ ಹೊಣೆಯಾಗಿಸಲಾಗದು. ಕುಟುಂಬಗಳಲ್ಲಿ ಮಕ್ಕಳ ಸಂಖ್ಯೆಯೇ ಕುಗ್ಗಿದೆ. ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರದ ಅಡಿಕೆ ತೋಟಗಳನ್ನು ದಶಕಗಳಿಂದ ಕಾಡುತ್ತಿರುವ ಹಳದಿ ಎಲೆ ರೋಗ, ಇತ್ತೀಚಿನ ಎಲೆಚುಕ್ಕಿ ರೋಗ ಅನೇಕ ಕುಟುಂಬಗಳ ಆದಾಯವನ್ನು ಕುಸಿಯುವಂತೆ ಮಾಡಿವೆ. ಯುವಕರು ಉದ್ಯೋಗಕ್ಕಾಗಿ ಬೆಂಗಳೂರಿನತ್ತ ಹೋಗಿ ಅಲ್ಲಿಯೇ ಸಂಸಾರ ಹೂಡಿದ್ದಾರೆ. ಹಿರಿಯರಷ್ಟೇ ಉಳಿದಿರುವ ಮನೆಗಳ ಊರಿನಲ್ಲಿ ಶಾಲೆಗೆ ಮಕ್ಕಳು ಬರುವುದು ಎಲ್ಲಿಂದ ಎಂಬುದು ಸಹಜ ಪ್ರಶ್ನೆ.

ದಾಖಲಾತಿ ಇಳಿದಂತೆ ಶಿಕ್ಷಕರ ಹುದ್ದೆಗಳೂ ಕಡಿಮೆಯಾಗುತ್ತವೆ. ಗಣಿತಕ್ಕೋ ಇಂಗ್ಲಿಷಿಗೋ ಕಾಯಂ ಶಿಕ್ಷಕರಿಲ್ಲದ ಶಾಲೆಯಿಂದ ಇನ್ನಷ್ಟು ಮಕ್ಕಳು ಪೇಟೆಯ ಶಾಲೆಗೆ ಹೋಗುತ್ತಾರೆ. ಈ ಸುಳಿಯಿಂದ ಹೊರಬರಲು ಸರ್ಕಾರ ಕಂಡುಕೊಂಡಿರುವ ಮಾರ್ಗ ದೊಡ್ಡ ಶಾಲೆಗಳನ್ನು ಬಲಪಡಿಸುವುದು. 2025–26ರ ಬಜೆಟ್‌ನಲ್ಲಿ ಇನ್ನೂ 500 ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ರೂಪಿಸುವುದಾಗಿ ಘೋಷಿಸಲಾಯಿತು. ದೊಡ್ಡ ಶಾಲೆಯಲ್ಲಿ ಎಲ್ಲ ವಿಷಯಗಳಿಗೂ ಶಿಕ್ಷಕರು, ಪ್ರಯೋಗಾಲಯ, ಗ್ರಂಥಾಲಯ, ಆಟದ ಮೈದಾನ ಸಿಗುತ್ತವೆ ಎಂಬುದು ಇದರ ಪರವಾದ ವಾದ. ಸಣ್ಣ ಶಾಲೆಗಳು ಇದರಿಂದ ಮುಚ್ಚಿಹೋಗುತ್ತವೆ ಎಂದು ವಿದ್ಯಾರ್ಥಿ ಸಂಘಟನೆಗಳು ಆಕ್ಷೇಪಿಸಿವೆ. ಮಲೆನಾಡಿಗೆ ಸಂಬಂಧಿಸಿದಂತೆ ಎರಡೂ ವಾದಗಳು ಬಸ್ಸಿನ ಪ್ರಶ್ನೆಗೇ ಬಂದು ನಿಲ್ಲುತ್ತವೆ. ಪ್ರಯಾಣದ ವ್ಯವಸ್ಥೆಯಿಲ್ಲದೆ ಸಣ್ಣ ಶಾಲೆ ಮುಚ್ಚಿದರೆ ವಾಹನವಿರುವ ಮನೆಯ ಮಗು ದೊಡ್ಡ ಶಾಲೆಗೆ ಹೋಗುತ್ತದೆ. ಲೈನು ಮನೆಯ ಅಥವಾ ಕಾಡಂಚಿನ ಮಗು ಎಂಟನೆಯ ತರಗತಿಗೆ ಸೇರದೆಯೇ ಉಳಿಯುವ ಸಂಭವ ಹೆಚ್ಚು.

ಮುಂದಿನ ವ್ಯಾಸಂಗ

ಪದವಿಪೂರ್ವ ಶಿಕ್ಷಣಕ್ಕೆ ಮೂರೂ ಪಟ್ಟಣಗಳಲ್ಲಿ ಕಾಲೇಜುಗಳಿವೆ. ಶೃಂಗೇರಿಯ ಜೆ.ಸಿ.ಬಿ.ಎಂ. ಕಾಲೇಜು ಈ ಭಾಗದ ಹೆಸರಾಂತ ಪದವಿ ಕಾಲೇಜು. ಕೊಪ್ಪದಲ್ಲಿ ಆಯುರ್ವೇದ ವೈದ್ಯಕೀಯ ಕಾಲೇಜು ಇದೆ. ಶೃಂಗೇರಿಯಲ್ಲಿ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಪರಿಸರವೂ ಇದೆ. ಪದವಿ ಕಾಲೇಜುಗಳು 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ವಿಜ್ಞಾನ ವಿಭಾಗವನ್ನು ಬಯಸುವ, ಶುಲ್ಕ ಭರಿಸಬಲ್ಲ ಕುಟುಂಬಗಳ ಮಕ್ಕಳು ಎಸ್‌ಎಸ್‌ಎಲ್‌ಸಿ ಮುಗಿಯುತ್ತಲೇ ಮೂಡುಬಿದಿರೆ, ಮಂಗಳೂರು, ಶಿವಮೊಗ್ಗಗಳ ವಸತಿ ಕಾಲೇಜುಗಳನ್ನು ಸೇರುತ್ತಾರೆ. ಉಳಿದವರು ಅದೇ ಬಸ್ಸಿನಲ್ಲಿ, ಅದೇ ಪೇಟೆಯ ಕಾಲೇಜಿಗೆ ಇನ್ನೆರಡು ವರ್ಷ ಓಡಾಡುತ್ತಾರೆ.